ಅರವತ್ತೆಂಟು ಸಾವಿರದಲ್ಲಿ ಉಳಿದದ್ದೆಷ್ಟು?

ಸೊಲ್ಲಾಪುರದ ಸಿದ್ಧರಾಮನ ಹೆಸರಿನಲ್ಲಿರುವ ಒಂದು ವಚನದಲ್ಲಿ ಅವನು ಹಾಡಿದ ವಚನಗಳ ಲೆಕ್ಕ ಬರುತ್ತದೆ. ಆ ಲೆಕ್ಕ 68,000. ಇಂದು ಅಚ್ಚಿನಲ್ಲಿ ನಮಗೆ ಸಿಗುವ ಸಿದ್ಧರಾಮನ ವಚನಗಳು ಸುಮಾರು ಎರಡು ಸಾವಿರ. ಆ ಮಾತನ್ನು ನಂಬುವುದಾದರೆ ಮೂವತ್ತನಾಲ್ಕು ವಚನಗಳಲ್ಲಿ ಒಂದು ಉಳಿದಿದೆ, ಮೂವತ್ತಮೂರು ಹೋಗಿವೆ.

ಭಕ್ತಿಯ ಭರದಲ್ಲಿ ಹೇಳಿದ ಸಂಖ್ಯೆ ಎಂದು ಇದನ್ನು ತಳ್ಳಿಹಾಕುವ ಮೊದಲು ಒಂದು ಭಾಗಾಕಾರ ಮಾಡಿ ನೋಡಬೇಕು. ಒಬ್ಬ ಮನುಷ್ಯ ಮೂವತ್ತು ವರ್ಷ ವಚನ ನುಡಿದನೆಂದರೆ ಹನ್ನೊಂದು ಸಾವಿರ ದಿನಗಳ ಹತ್ತಿರ ಹತ್ತಿರ ಬರುತ್ತದೆ. 68,000ವನ್ನು ಅಷ್ಟು ದಿನಗಳಿಗೆ ಹಂಚಿದರೆ ದಿನಕ್ಕೆ ಆರು. ನಾಲ್ಕೈದು ಸಾಲಿನ ವಚನಗಳು ಎಷ್ಟೋ ಇವೆ. ದಿನವಿಡೀ ಜನರ ನಡುವೆ ಕೂತು ಮಾತಾಡುತ್ತಿದ್ದವನಿಗೆ ದಿನಕ್ಕೆ ಆರು ಅಸಾಧ್ಯವೇನಲ್ಲ. ಪುರಂದರದಾಸರ ವಿಷಯದಲ್ಲಿ ಹೇಳುವ 4,75,000 ಕೀರ್ತನೆಗಳ ಲೆಕ್ಕವನ್ನು ಇದೇ ರೀತಿ ನಲವತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ ಮೂವತ್ತೆರಡು ಬರುತ್ತದೆ, ಅದನ್ನು ನಂಬುವುದು ಕಷ್ಟ. ಸಿದ್ಧರಾಮನ ಲೆಕ್ಕ ಹಾಗಲ್ಲ, ಅದು ಮನುಷ್ಯ ಶಕ್ತಿಯ ಒಳಗೇ ಇದೆ. ನನಗೆ ಬೆರಗು ಹುಟ್ಟಿಸುವುದು ಅದಕ್ಕಾಗಿಯೇ. ಅಂದರೆ ಹೋದದ್ದು ನಿಜಕ್ಕೂ ಅಷ್ಟು ಇದ್ದಿರಬಹುದು.

ಈಗ ಉಳಿದದ್ದರ ಕಡೆಗೆ ಬರೋಣ. ಕರ್ನಾಟಕ ಸರ್ಕಾರ 1993ರಲ್ಲಿ ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಪ್ರಧಾನ ಸಂಪಾದಕರು ಎಂ.ಎಂ. ಕಲಬುರ್ಗಿ. ಅದರಲ್ಲಿರುವ ವಚನಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ದಿನಕ್ಕೊಂದು ವಚನ ಓದುತ್ತೇನೆಂದು ಐದು ವರ್ಷದ ಮಗು ಇಂದು ಶುರು ಮಾಡಿದರೆ, ಒಂದು ದಿನವೂ ತಪ್ಪದೆ ಓದಿದರೆ, ಮುಗಿಸುವ ಹೊತ್ತಿಗೆ ಅದಕ್ಕೆ ಅರವತ್ತು ವರ್ಷ ತುಂಬುತ್ತದೆ. ಸರ್ಕಾರಿ ನೌಕರಿಯಲ್ಲಿದ್ದರೆ ಅದೇ ವರ್ಷ ನಿವೃತ್ತಿ. ಅವಸರದವರು ನಿಮಿಷಕ್ಕೊಂದರಂತೆ ಜೋರಾಗಿ ಓದುತ್ತ ಹೋದರೂ, ದಿನಕ್ಕೆ ಎಂಟು ತಾಸಿನಂತೆ, ನಲವತ್ತು ದಿನ ದಾಟುತ್ತದೆ.

ಇಷ್ಟು ದೊಡ್ಡ ರಾಶಿ ನಮ್ಮ ಕೈಗೆ ಬಂದುದರಲ್ಲಿ ಬೆಳಗಾವಿಗೂ ಖಾನಾಪುರಕ್ಕೂ ದೊಡ್ಡ ಪಾಲಿದೆ. ಅದನ್ನು ಬೆಳಗಾವಿಯವರಾದ ನಾವೇ ಮರೆತಿದ್ದೇವೆ.

ಕಲ್ಯಾಣದಲ್ಲಿ ಅರಸ ಬಿಜ್ಜಳನ ಕೊಲೆಯಾಗಿ, ಶರಣರ ಮೇಲೆ ಸೈನ್ಯ ಬಿದ್ದದ್ದು 1167ರ ಸುಮಾರಿಗೆ. ಚನ್ನಬಸವಣ್ಣನ ಮುಂದಾಳತ್ವದಲ್ಲಿ ಒಂದು ಗುಂಪು ವಚನದ ಕಟ್ಟುಗಳನ್ನು ಹೊತ್ತು ಪಶ್ಚಿಮಕ್ಕೆ, ಕಾಡು ಹೊಕ್ಕು ಉಳವಿಯ ಕಡೆಗೆ ನಡೆಯಿತು ಎಂಬುದು ಪರಂಪರೆಯ ನೆನಪು. ಆ ದಾರಿಯ ಗುರುತುಗಳು ನಮ್ಮ ಜಿಲ್ಲೆಯ ತುಂಬ ಇವೆ. ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನ ಮಡದಿ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಕಾದರವಳ್ಳಿಯಲ್ಲಿ ಕಾಳಗ ನಡೆಯಿತೆನ್ನುತ್ತಾರೆ. ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಸಮಾಧಿಯಿದೆ. ಚರ್ಮ ಹದ ಮಾಡುವ ಕಾಯಕದ ಆ ಶರಣ, ಬೆನ್ನಟ್ಟಿ ಬಂದವರನ್ನು ತಡೆದು ನಿಂತು, ಕಟ್ಟುಗಳು ಮುಂದೆ ಹೋಗಲು ಹೊತ್ತು ಒದಗಿಸಿ ಇಲ್ಲಿ ಬಿದ್ದನೆಂದು ಊರಿನವರು ಹೇಳುತ್ತ ಬಂದಿದ್ದಾರೆ. ಊರಿನ ಹೆಸರಿನಲ್ಲೇ ಅವನನ್ನು ಉಳಿಸಿಕೊಂಡಿದ್ದೇವೆ ಎಂಬುದು ಅವರ ನಂಬಿಕೆ. ಕಕ್ಕಯ್ಯನದೇ ವಚನಗಳು ಎಷ್ಟು ಉಳಿದಿವೆ ಗೊತ್ತೇ? ಆರು. ಇತರರ ಸಾವಿರಾರು ವಚನಗಳನ್ನು ಉಳಿಸಲು ಪ್ರಾಣ ಕೊಟ್ಟನೆಂದು ನಾಡು ನಂಬಿದವನ ಪಾಲಿಗೆ ಬಂದದ್ದು ಅಷ್ಟೇ.

ಹೊತ್ತು ತಂದ ಮಾತ್ರಕ್ಕೆ ಉಳಿಯುವುದಿಲ್ಲ. ತಾಳೆಗರಿಗೆ ಆಯುಷ್ಯವಿದೆ. ಚೆನ್ನಾಗಿ ನೋಡಿಕೊಂಡರೆ ಇನ್ನೂರು, ಮುನ್ನೂರು ವರ್ಷ. ಮಳೆಗಾಲದ ತೇವ, ಒಲೆಯ ಹೊಗೆ, ಹುಳ, ಇಲಿ ಇವೆಲ್ಲ ಸೇರಿದರೆ ಅಷ್ಟೂ ಇಲ್ಲ. ಖಾನಾಪುರದಂಥ ಮಲೆನಾಡ ಸೆರಗಿನಲ್ಲಿ, ವರ್ಷದ ಮೂರು ನಾಲ್ಕು ತಿಂಗಳು ಗೋಡೆಯೇ ಬೆವರುವ ಕಡೆ, ಗರಿಯ ಗತಿ ಏನೆಂದು ಹೇಳಬೇಕಾಗಿಲ್ಲ. ಕಲ್ಯಾಣದ ಕ್ರಾಂತಿಯಿಂದ ಮೊದಲ ದೊಡ್ಡ ಮುದ್ರಣದವರೆಗೆ 750 ವರ್ಷ ದಾಟಿವೆ. ಅಂದರೆ ಇಂದು ನಾವು ಓದುವ ಆ ಕಾಲದ ಒಂದೊಂದು ವಚನವನ್ನೂ ಯಾರೋ ಕಡಿಮೆಯೆಂದರೆ ಎರಡು ಸಲ ಹೊಸ ಗರಿಗೆ ಇಳಿಸಿದ್ದಾರೆ. ಇಪ್ಪತ್ತು ಸಾವಿರವನ್ನು ಎರಡರಿಂದ ಗುಣಿಸಿ: ನಲವತ್ತು ಸಾವಿರ ಸಲ ಒಂದು ಕೈ ಕಂಟ ಹಿಡಿದು, ಗರಿ ಹರಿಯದಂತೆ ಹದವಾಗಿ ಗೀರಿ, ಮೇಲೆ ಮಸಿ ಉಜ್ಜಿ ಒರೆಸಿದೆ. ಇದು ಅಂದಾಜಿನ ಲೆಕ್ಕ. ಒಂದೇ ವಚನ ಹತ್ತಾರು ಕಟ್ಟುಗಳಲ್ಲಿ ಸಿಗುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ಬರಹಗಾರರಲ್ಲಿ ಹೆಚ್ಚಿನವರ ಹೆಸರು ಎಲ್ಲೂ ಇಲ್ಲ.

ಕೆಲವರ ಹೆಸರಿದೆ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ನೂರೊಂದು ವಿರಕ್ತರು ವಚನಗಳನ್ನು ಹುಡುಕಿ, ಜೋಡಿಸಿ, ವ್ಯಾಖ್ಯಾನ ಬರೆದರೆಂದು ಪ್ರಸಿದ್ಧಿ. ಶಿವಗಣಪ್ರಸಾದಿ ಮಹಾದೇವಯ್ಯ ಸಾವಿರದಷ್ಟು ವಚನಗಳನ್ನು ಆಯ್ದು ಅಲ್ಲಮನ ಸುತ್ತ ಒಂದು ಸಂವಾದವಾಗಿ ಹೆಣೆದ. ಅದೇ ‘ಶೂನ್ಯಸಂಪಾದನೆ’. ಅವನ ನಂತರ ಇನ್ನೂ ಮೂವರು ಅದನ್ನು ತಿದ್ದಿ, ಬೆಳೆಸಿ, ಹೊಸದಾಗಿ ಕಟ್ಟಿದರು. ನಾಲ್ಕನೆಯವನಾದ ಗೂಳೂರು ಸಿದ್ಧವೀರಣಾರ್ಯನ ಹೊತ್ತಿಗೆ ವಚನಗಳ ಸಂಖ್ಯೆ ಒಂದೂವರೆ ಸಾವಿರ ಮುಟ್ಟಿತ್ತು. ಯುರೋಪಿನಲ್ಲಿ ಗುಟೆನ್‌ಬರ್ಗ್ ಅಚ್ಚಿನ ಯಂತ್ರ ಹೂಡುತ್ತಿದ್ದ ಕಾಲಕ್ಕೆ ಕನ್ನಡದಲ್ಲಿ ಸಂಪಾದನೆಯ ಕೆಲಸ ಈ ಮಟ್ಟದಲ್ಲಿ ನಡೆದಿತ್ತು. ಆಮೇಲಿನ ಶತಮಾನಗಳ ಕತೆ ಸಣ್ಣದು: ಮಠಗಳಲ್ಲಿ ಪೂಜೆ ನಡೆಯಿತು, ಓದು ಕಡಿಮೆಯಾಯಿತು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿ ಧಾರವಾಡದಲ್ಲಿ ಹುಟ್ಟಿದ್ದು 1880ರ ಜುಲೈ 2ರಂದು. ಮುಂಬಯಿಯಲ್ಲಿ ಕಾನೂನು ಓದಿ, 1904ರಲ್ಲಿ ವಕೀಲಿ ಶುರು ಮಾಡಿದ್ದು ಇದೇ ಬೆಳಗಾವಿಯಲ್ಲಿ. ಬೇಗನೆ ವಿಜಯಪುರಕ್ಕೆ ಹೋಗಿ ನೆಲೆಸಿದರು. ರಬಕವಿ–ಬನಹಟ್ಟಿಯ ಕಡೆ ಒಂದು ಮನೆಯಲ್ಲಿ ಕಂಡ ತಾಳೆಗರಿಯ ಕಟ್ಟುಗಳು ಅವರ ಆಯುಷ್ಯದ ದಿಕ್ಕನ್ನೇ ತಿರುಗಿಸಿದವು. ಆಗ ವಿದ್ವಾಂಸರಿಗೆ ಗೊತ್ತಿದ್ದ ವಚನಕಾರರು ಐವತ್ತರಷ್ಟು ಮಂದಿ. ಹಳಕಟ್ಟಿಯವರು ಊರೂರು ಅಲೆದು, ಮಠಗಳ ಅಟ್ಟ ಹತ್ತಿ, ಮನೆಗಳ ಜಗುಲಿಯಲ್ಲಿ ಕೂತು ಹುಡುಕಿದ ಮೇಲೆ ಆ ಸಂಖ್ಯೆ ಸುಮಾರು 250ಕ್ಕೆ ಏರಿತು. ಎರಡು ನೂರು ಕವಿಗಳನ್ನು ಒಬ್ಬ ಮನುಷ್ಯ ಒಂದು ಭಾಷೆಗೆ ಮರಳಿ ತಂದುಕೊಟ್ಟ ಇನ್ನೊಂದು ಉದಾಹರಣೆ ನನಗೆ ನೆನಪಾಗುತ್ತಿಲ್ಲ.

‘ವಚನಶಾಸ್ತ್ರಸಾರ’ದ ಮೊದಲ ಭಾಗ ಸಿದ್ಧವಾದಾಗ ಅದನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದ್ದರೆಂದೂ, ಅದು ಅಚ್ಚಾಗದೆ ಮರಳಿ ಬಂತೆಂದೂ ಹೇಳುತ್ತಾರೆ. ಕಡೆಗೆ 1923ರಲ್ಲಿ ಆ ಪುಸ್ತಕ ಅಚ್ಚಾದದ್ದು ಬೆಳಗಾವಿಯಲ್ಲಿ, ಚೌಗುಲೆಯವರ ಮಹಾವೀರ ಮುದ್ರಣಾಲಯದಲ್ಲಿ. ಮರುವರ್ಷ, 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನ ಇದೇ ಊರಿನಲ್ಲಿ ನಡೆಯಿತು. ಅದಕ್ಕೆ ವೀರಸೌಧವಿದೆ, ಕಾಂಗ್ರೆಸ್ ಬಾವಿಯಿದೆ, ಶತಮಾನೋತ್ಸವವೂ ಆಯಿತು. 1923ರ ಆ ಪುಸ್ತಕಕ್ಕೆ ಊರಿನಲ್ಲಿ ಒಂದು ಫಲಕ ಹಾಕಿದರೂ ಅದು ಆ ಸಾಲಿನಲ್ಲಿ ಚಿಕ್ಕದಾಗಿ ಕಾಣುವುದಿಲ್ಲ.

ಮೊಳೆ ಜೋಡಿಸಿ ಅಚ್ಚು ಹಾಕುವ ಕೆಲಸದ ಅಳತೆ ಈಗಿನವರಿಗೆ ತಿಳಿಯುವುದು ಕಷ್ಟ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹಳಕಟ್ಟಿಯವರು ಜೀವಮಾನದಲ್ಲಿ ಸಂಗ್ರಹಿಸಿದ್ದು ಹತ್ತು ಸಾವಿರದಷ್ಟು ವಚನ ಎಂಬುದು ರೂಢಿಯ ಲೆಕ್ಕ. ಒಂದು ವಚನಕ್ಕೆ ಮುನ್ನೂರು ಮೊಳೆ ಬೇಕೆಂದು ಹಿಡಿಯೋಣ. ಕನ್ನಡದಲ್ಲಿ ಒತ್ತಕ್ಷರಕ್ಕೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ ಮೊಳೆ, ಹಾಗಾಗಿ ಇದು ಕೈಬಿಗಿ ಹಿಡಿದ ಲೆಕ್ಕವೇ. ಅಷ್ಟೂ ವಚನ ಅಚ್ಚಾಗಬೇಕಾದರೆ ಮೂವತ್ತು ಲಕ್ಷ ಸಲ ಒಂದು ಕೈ ಗೂಡಿನಿಂದ ಒಂದು ಸೀಸದ ತುಂಡನ್ನು ಎತ್ತಿ, ತಲೆಕೆಳಗಾಗಿ, ಕನ್ನಡಿಯ ಬಿಂಬದಂತೆ ಸಾಲಿಗೆ ಇಡಬೇಕು. ಅಚ್ಚಾದ ಮೇಲೆ ಅದೇ ಮೊಳೆಗಳನ್ನು ಕಳಚಿ ಒಂದೊಂದನ್ನೂ ಅದರದರ ಗೂಡಿಗೆ ಮರಳಿ ಹಾಕಬೇಕು, ಇಲ್ಲವಾದರೆ ಮುಂದಿನ ಪುಟಕ್ಕೆ ಮೊಳೆ ಇಲ್ಲ. ಹಾಗೆ ನೋಡಿದರೆ ಅರವತ್ತು ಲಕ್ಷ ಸಲ. ತಾಸಿಗೆ ಸಾವಿರ ಮೊಳೆಯ ವೇಗದಲ್ಲಿ, ದಿನಕ್ಕೆ ಎಂಟು ತಾಸು, ಒಂದು ದಿನವೂ ಬಿಡದೆ ಒಬ್ಬನೇ ದುಡಿದರೂ ಎರಡು ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆ. ಇದರಲ್ಲಿ ಕರಡು ತಿದ್ದಿದ ಹೊತ್ತು ಸೇರಿಲ್ಲ, ಕರಡು ತಿದ್ದುವ ಮೊದಲು ಗರಿಯಿಂದ ಕಾಗದಕ್ಕೆ ಇಳಿಸಿಕೊಂಡ ಇರುಳುಗಳೂ ಸೇರಿಲ್ಲ.

1925ರಲ್ಲಿ ಹಳಕಟ್ಟಿ ತಮ್ಮ ಮನೆಯನ್ನೇ ಮಾರಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’. ಶಿವಾನುಭವ ಮೂರು ದಶಕ ದಾಟಿ ನಡೆಯಿತು. 1926ರಲ್ಲೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. ನೂರಕ್ಕೂ ಹೆಚ್ಚು ಪುಸ್ತಕಗಳು. ಊರಿಗೊಂದು ಬ್ಯಾಂಕನ್ನೂ ಒಂದು ವಿದ್ಯಾಸಂಸ್ಥೆಯನ್ನೂ ಕಟ್ಟಿದ ಮನುಷ್ಯ ತಾನು ಮಾತ್ರ ಬಾಡಿಗೆ ಮನೆಯಲ್ಲಿ ಉಳಿದ. 1964ರ ಜೂನ್ 29ರಂದು ತೀರಿಕೊಂಡರು.

ಇದೇ ವರ್ಷಗಳಲ್ಲಿ ಜಗತ್ತಿನ ಇನ್ನೊಂದು ತುದಿಯಲ್ಲಿ, ಅಮೆರಿಕದಲ್ಲಿ, ಇಂಥದೇ ಒಂದು ಕೆಲಸ ನಡೆದಿತ್ತು. ಚಾರ್ಲ್ಸ್ ಐವ್ಸ್ ಎಂಬ ಸಂಗೀತ ರಚನಕಾರ ಹೊಟ್ಟೆಪಾಡಿಗೆ ವಿಮೆಯ ವ್ಯವಹಾರ ನಡೆಸುತ್ತಿದ್ದ. ಅವನ ಸಂಗೀತವನ್ನು ಪ್ರಕಟಿಸುವವರು ಯಾರೂ ಇರಲಿಲ್ಲ. 1922ರಲ್ಲಿ, ನಮ್ಮ ವಚನಶಾಸ್ತ್ರಸಾರಕ್ಕೆ ಒಂದು ವರ್ಷ ಮೊದಲು, ತನ್ನ 114 ಹಾಡುಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಬೇಕೆಂದವರಿಗೆ ಪುಕ್ಕಟೆ ಹಂಚಿದ. ಅವನ ನಾಲ್ಕನೆಯ ಸಿಂಫನಿ ಪೂರ್ತಿಯಾಗಿ ಮೊದಲ ಸಲ ಜನರ ಕಿವಿಗೆ ಬಿದ್ದದ್ದು 1965ರ ಏಪ್ರಿಲ್ 26ರಂದು, ಅವನು ತೀರಿಕೊಂಡು ಸುಮಾರು ಹನ್ನೊಂದು ವರ್ಷವಾದ ಮೇಲೆ. ನಡುವಿನ ಕಾಲದಲ್ಲಿ ಜಾನ್ ಕರ್ಕ್‌ಪ್ಯಾಟ್ರಿಕ್ ಎಂಬ ಪಿಯಾನೋ ವಾದಕ ಆ ಹಸ್ತಪ್ರತಿಗಳ ರಾಶಿಯಲ್ಲಿ ಕೂತು, ಯಾವ ಹಾಳೆ ಯಾವ ಕೃತಿಯದು ಎಂದು ಗುರುತಿಸಿ, 1960ರಲ್ಲಿ ಒಂದು ಸೂಚಿ ಸಿದ್ಧಪಡಿಸಿದ. ಹಾಳೆಗಳು ಈಗ ಯೇಲ್ ವಿಶ್ವವಿದ್ಯಾಲಯದಲ್ಲಿವೆ. ಒಬ್ಬನೇ ರಚನಕಾರ, ಅವನದೇ ಕೈಬರಹ, ಅವನು ಸತ್ತು ಕೆಲವೇ ವರ್ಷಗಳು. ಅಷ್ಟಕ್ಕೇ ಒಬ್ಬ ವಿದ್ವಾಂಸನ ಆಯುಷ್ಯ ಬೇಕಾಯಿತು. ನಮ್ಮಲ್ಲಿ 250 ರಚನಕಾರರು, ಎಂಟು ನೂರು ವರ್ಷ, ಯಾರೊಬ್ಬರ ಕೈಬರಹವೂ ಇಲ್ಲ. ಈ ಎರಡನ್ನು ಅಕ್ಕಪಕ್ಕ ಇಟ್ಟಾಗಲೇ ಕನ್ನಡದ ಸಂಪಾದಕರು ಹೊತ್ತ ಭಾರದ ತೂಕ ನನಗೆ ಸರಿಯಾಗಿ ತಿಳಿದದ್ದು.

ಆ ಭಾರ ಎಂಥದೆಂದರೆ: ತಾಳೆಗರಿಯಲ್ಲಿ ಪದಗಳ ನಡುವೆ ಬಿಡುವಿಲ್ಲ. ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ಅಂಕಿತದಿಂದ ತಿಳಿಯಬೇಕು. ಒಂದೇ ವಚನ ಒಂದು ಕಟ್ಟಿನಲ್ಲಿ ಬಸವಣ್ಣನದು, ಇನ್ನೊಂದರಲ್ಲಿ ಚನ್ನಬಸವಣ್ಣನದು. ಒಂದರಲ್ಲಿ ಆರು ಸಾಲು, ಇನ್ನೊಂದರಲ್ಲಿ ಒಂಬತ್ತು. ಹೆಚ್ಚಿನ ಮೂರು ಸಾಲು ಇದರಲ್ಲಿ ಬಿಟ್ಟುಹೋದದ್ದೋ, ಅದರಲ್ಲಿ ಸೇರಿಸಿದ್ದೋ? ಪ್ರತಿ ವಚನಕ್ಕೆ ಮೂರೇ ಪ್ರತಿಗಳನ್ನು ಹೋಲಿಸಿದರೂ, ಇಪ್ಪತ್ತು ಸಾವಿರಕ್ಕೆ ಅರವತ್ತು ಸಾವಿರ ಓದು. ಪ್ರತಿ ಪಾಠಾಂತರಕ್ಕೂ ಒಂದು ತೀರ್ಮಾನ, ಪ್ರತಿ ತೀರ್ಮಾನಕ್ಕೂ ಮುಂದಿನವರು ಕೇಳುವ ಪ್ರಶ್ನೆಗೆ ಉತ್ತರ. ಹಳಕಟ್ಟಿಯವರ ನಂತರ ಈ ನೊಗಕ್ಕೆ ಹೆಗಲು ಕೊಟ್ಟವರಲ್ಲಿ ಬೆಳಗಾವಿಯವರ ಹೆಸರು ಮುಂಚೂಣಿಯಲ್ಲಿದೆ. 1916ರಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಸಪ್ತರ್ಷಿಗಳಲ್ಲಿ ಒಬ್ಬರಾದ ಶಿ.ಶಿ. ಬಸವನಾಳರು ಬಸವಣ್ಣನ ಷಟ್‌ಸ್ಥಲದ ವಚನಗಳನ್ನು ಶಾಸ್ತ್ರೀಯವಾಗಿ ಸಂಪಾದಿಸಿದರು. ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕೆ.ಆರ್. ಶ್ರೀನಿವಾಸ ಅಯ್ಯಂಗಾರರ ಜೊತೆ ಸೇರಿ 1940ರಲ್ಲಿ ಬಸವಣ್ಣನನ್ನು ಇಂಗ್ಲಿಷಿಗೂ ಕೊಂಡೊಯ್ದರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಆರ್.ಸಿ. ಹಿರೇಮಠರು, ಅವರ ನಂತರ ಕಲಬುರ್ಗಿಯವರು. 15 ಸಂಪುಟಗಳ ಆ ಪ್ರಧಾನ ಸಂಪಾದಕರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು.

ಆ ಸಂಪುಟಗಳಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ದೊಡ್ಡ ಸಂಖ್ಯೆಗಳಲ್ಲ. ಬಸವಣ್ಣನ ಸಾವಿರದ ನಾನೂರು, ಅಲ್ಲಮನ ಸಾವಿರದ ಆರುನೂರು, ತೋಂಟದ ಸಿದ್ಧಲಿಂಗರ 701, ಇವೆಲ್ಲ ಹೇಗೋ ಉಳಿಯುತ್ತಿದ್ದವು ಎನಿಸುತ್ತದೆ. ಓದುವವರು, ನಕಲು ಮಾಡುವವರು ಬಹಳ ಮಂದಿ ಇದ್ದರು. ಐದನೆಯ ಸಂಪುಟ ಶರಣೆಯರದು. ಮೂವತ್ತಕ್ಕೂ ಹೆಚ್ಚು ಹೆಂಗಸರು ಅಲ್ಲಿದ್ದಾರೆ. ಅಕ್ಕಮಹಾದೇವಿಯ ನಾನೂರಕ್ಕೂ ಹೆಚ್ಚು ವಚನಗಳ ಆಚೆ ಆಯ್ದಕ್ಕಿ ಲಕ್ಕಮ್ಮನ ಇಪ್ಪತ್ತೈದರಷ್ಟು, ಕದಿರೆ ರೆಮ್ಮವ್ವೆಯ ನಾಲ್ಕು, ಸೂಳೆ ಸಂಕವ್ವೆಯದು ಒಂದು. ಒಂದೇ ಒಂದು. ದೇಹ ಮಾರಿ ಬದುಕಿದ್ದ ಹನ್ನೆರಡನೆಯ ಶತಮಾನದ ಒಬ್ಬ ಹೆಂಗಸಿನ ಒಂದು ವಚನವನ್ನು ಎಂಟು ನೂರು ವರ್ಷ ಪ್ರತಿ ಮಾಡುತ್ತ ಬಂದವರು ಯಾರು? ಯಾವ ಮಠದ ಯಾವ ಮರಿ ಗರಿ ತಿರುಗಿಸುವಾಗ, ಇದನ್ನು ಬಿಟ್ಟರೆ ಕೇಳುವವರಾರು ಎಂದುಕೊಳ್ಳದೆ ಬರೆದುಕೊಂಡ? ಒಂದು ಸಲ, ಒಬ್ಬ ಬೇಸತ್ತಿದ್ದರೂ ಸಂಕವ್ವೆ ಎಂಬುವಳೇ ನಮಗೆ ಇರುತ್ತಿರಲಿಲ್ಲ. ಇಪ್ಪತ್ತು ಸಾವಿರಕ್ಕಿಂತ ಈ ಒಂದು ನನಗೆ ದೊಡ್ಡ ಸಂಖ್ಯೆ.

ಉಳಿಯದೆ ಹೋದದ್ದೂ ಇದೆ. ಶರಣರು ಸ್ವರವಚನಗಳನ್ನೂ ಕಟ್ಟಿದ್ದರು. ಪಲ್ಲವಿ, ನುಡಿ, ರಾಗ, ತಾಳ ಇರುವ ಹಾಡುಗಳವು. ಗರಿಯ ಮೇಲೆ ರಾಗದ ಹೆಸರು ಉಳಿದಿದೆ, ಆ ರಾಗವನ್ನು ಅವರು ಹಾಡಿದ ಬಗೆ ಉಳಿದಿಲ್ಲ. ಐವ್ಸನ ಗೀಚು ಬರಹದ ಹಾಳೆಯಿಂದ ಸ್ವರಗಳನ್ನು ಮರಳಿ ಎತ್ತಬಹುದು, ಬಸವಣ್ಣನ ಸ್ವರವಚನದಿಂದ ಎತ್ತಲಾಗದು. ಮಲ್ಲಿಕಾರ್ಜುನ ಮನಸೂರರು ವಚನಗಳಿಗೆ ಕೊಟ್ಟ ಧ್ವನಿ ಇಪ್ಪತ್ತನೆಯ ಶತಮಾನದ್ದು. ಅದನ್ನು ಕೇಳುತ್ತ ನಾವು ಹೊಸ ಸಂಪತ್ತನ್ನು ಪಡೆದಿದ್ದೇವೆ, ಹಳೆಯದನ್ನಲ್ಲ.

ಆದರೆ ಉಳಿದದ್ದು ಹರಡಿದ ಪರಿ ನೋಡಿ. ಬೆಂಗಳೂರಿನ ಬಸವ ಸಮಿತಿ 2,500 ವಚನಗಳನ್ನು ಆಯ್ದು 23 ಭಾಷೆಗಳಿಗೆ ಅನುವಾದ ಮಾಡಿಸಿತು. ಗುಣಿಸಿದರೆ 57,500 ಅನುವಾದಗಳು. ಸಿದ್ಧರಾಮ ಹೇಳಿದ 68,000ಕ್ಕೆ ಹತ್ತೂವರೆ ಸಾವಿರವಷ್ಟೇ ಕಡಿಮೆ.

ಬೆಳಗಾವಿಯಲ್ಲಿ, ರಾಮತೀರ್ಥ ನಗರದ ನಮ್ಮ ನೆರೆಯ ಮಹಾಂತೇಶ ನಗರದಲ್ಲಿ ಫ.ಗು. ಹಳಕಟ್ಟಿಯವರ ಹೆಸರಿನ ಭವನವಿದೆ. ಅಲ್ಲಿ ವಚನ ಪ್ರಾರ್ಥನೆ ನಡೆಯುತ್ತದೆ, ಉಪನ್ಯಾಸ ನಡೆಯುತ್ತದೆ. ಅಲ್ಲಿಗೆ ಬರುವವರಲ್ಲಿ ಎಷ್ಟೋ ಮಂದಿಯ ಮೂಲ ಮನೆಗಳು ಹಳ್ಳಿಗಳಲ್ಲಿವೆ: ಬೈಲಹೊಂಗಲ, ಕಿತ್ತೂರು, ಖಾನಾಪುರ, ಸವದತ್ತಿ. ಆ ಮನೆಗಳಲ್ಲಿ ಜಂತಿಗೆ ಕಟ್ಟಿದ ಗಂಟುಗಳಿವೆ, ದೇವರ ಮಾಡದಲ್ಲಿ ಕೆಂಪು ವಸ್ತ್ರ ಸುತ್ತಿದ ಕಟ್ಟುಗಳಿವೆ. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಗುರುತಿಸಿ ಉಳಿಸುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಬಜೆಟ್ಟಿನಲ್ಲಿ ಹೇಳಿದೆ. ಆ ಒಂದು ಕೋಟಿಯಲ್ಲಿ ನಿಮ್ಮ ಮನೆಯ ಗಂಟು ಸೇರಬೇಕಾದರೆ ಅದನ್ನು ನೀವೇ ಬಿಚ್ಚಿ ತೋರಿಸಬೇಕು. ಮನೆ ಕೆಡವಿ ಹೊಸದು ಕಟ್ಟುವಾಗ ಅದನ್ನು ಹೊಳೆಗೆ ಬಿಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ, ಅಡುಗೆ ಎಣ್ಣೆ ಸವರಬೇಡಿ, ಅಂಟಿಕೊಂಡ ಗರಿಗಳನ್ನು ಎಳೆಯಬೇಡಿ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಧಾರವಾಡದ ಕನ್ನಡ ಅಧ್ಯಯನ ಪೀಠಕ್ಕೋ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ಒಯ್ದು ತೋರಿಸಿ. ಅದು ಹಳೆಯ ಲೇವಾದೇವಿಯ ಲೆಕ್ಕವಾಗಿರಬಹುದು. ಕಕ್ಕಯ್ಯನ ಏಳನೆಯ ವಚನವೂ ಆಗಿರಬಹುದು.